ಔಷಧಿ ಹೊಡೆಯುವವರ ಮೈ ಪರೀಕ್ಷೆಯಾಗಲಿ: ಕೊಡಗು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಕಳೆದ ಸಲ ಮಳೆ ಬಿಟ್ಟ ಮೇಲೆ ನಮ್ಮ ತೋಟದಲ್ಲಿ ಕಳೆ ಔಷಧಿ ಹೊಡೆಯುತ್ತಿದ್ದ ಆಳೊಬ್ಬ ಮಧ್ಯಾಹ್ನ ಊಟಕ್ಕೆಂದು ಬೆನ್ನಿನ ಸ್ಪ್ರೇಯರ್ ಇಳಿಸಿದ. ಅಂಗಿಯ ಬೆನ್ನು ಪೂರಾ ಒದ್ದೆ. ಬೆವರು ಅಂದುಕೊಂಡೆ. ಅಲ್ಲ, ಟ್ಯಾಂಕಿನ ಮುಚ್ಚಳ ಸೋರುತ್ತಿತ್ತು. ಬರಿಗಾಲು, ಬರಿಗೈ. ತೋಡಿನಲ್ಲಿ ಕೈ ಅದ್ದಿ ಎಲೆಯಡಿಕೆ ಬಾಯಿಗಿಟ್ಟ. ಗ್ಲೈಫೋಸೇಟ್ ಎಂಬ ಆ ಔಷಧಿ ತಂದುಕೊಟ್ಟವನು ನಾನೇ. ಅವತ್ತಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ.

ಕಳೆ ಕೊಚ್ಚಲು ಆಳು ಸಿಗದ ಕಷ್ಟ ನನಗೂ ಗೊತ್ತು. ಬೆಳೆಗಾರರನ್ನು ದೂರಲು ಇದನ್ನು ಬರೆಯುತ್ತಿಲ್ಲ.

2015ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಗ್ಲೈಫೋಸೇಟನ್ನು ಬಹುಶಃ ಕ್ಯಾನ್ಸರ್ ತರುವ ವಸ್ತುಗಳ 2ಎ ಗುಂಪಿಗೆ ಸೇರಿಸಿತು. ವಂಶವಾಹಿಗೆ ಹಾನಿ ಮಾಡುತ್ತದೆ ಎನ್ನಲು ಬಲವಾದ ಪುರಾವೆಯಿದೆ ಎಂದಿತು. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಸಂಭವ ಕಡಿಮೆ ಎಂದಿತು. ಅಮೆರಿಕದ 54 ಸಾವಿರಕ್ಕೂ ಹೆಚ್ಚು ಸಿಂಪಡಣೆಗಾರರ ಮೇಲಿನ ಅಧ್ಯಯನ 2018ರಲ್ಲಿ ಪ್ರಕಟವಾದಾಗಲೂ ಒಟ್ಟಾರೆ ಕ್ಯಾನ್ಸರಿಗೆ ನಂಟು ಕಾಣಲಿಲ್ಲ. ಆದರೆ ಅವರೆಲ್ಲ ಲೈಸೆನ್ಸ್ ಪಡೆದವರು. ನಮ್ಮ ಲೈನ್‌ಮನೆಯ ಆಳಿನ ಒದ್ದೆ ಬೆನ್ನು ಆ ಲೆಕ್ಕದಲ್ಲಿಲ್ಲ. ಔಷಧಿಯ ಗುಣ ಎಲ್ಲ ಕಡೆ ಒಂದೇ ಇರಬಹುದು, ಮೈಗೆ ಹತ್ತುವ ಪ್ರಮಾಣ ಒಂದೇ ಅಲ್ಲ. ಅದರಿಂದ ವಂಶವಾಹಿಗೆ ಹಾನಿಯಾಗಿದೆಯೇ ಎಂದು ಇಲ್ಲೇ ಪರೀಕ್ಷಿಸಬೇಕು.

ಕಾನೂನಿನ ಮಾತಿಗೆ ಬಂದರೆ, ಗ್ಲೈಫೋಸೇಟಿಗೆ ನಮ್ಮ ದೇಶದಲ್ಲಿ ಅನುಮತಿ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ, ಕಾಫಿಗಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ, ಪೆಸ್ಟ್ ಕಂಟ್ರೋಲ್ ನಡೆಸುವವರ ಹೊರತು ಬೇರೆ ಯಾರೂ ಇದನ್ನು ಬಳಸಬಾರದೆಂದು ಅಧಿಸೂಚನೆ ಹೊರಡಿಸಿತು. ನನಗೆ ಇದನ್ನು ಮಾರಿದ ಅಂಗಡಿಯವರು ಈ ಎರಡರಲ್ಲಿ ಒಂದನ್ನೂ ಹೇಳಲಿಲ್ಲ.

ನಾನು ಕೇಳುವ ಪರೀಕ್ಷೆಗೆ ಸೂಜಿಯೂ ಬೇಡ. ಕೆನ್ನೆಯ ಒಳಭಾಗವನ್ನು ಸಣ್ಣ ಬ್ರಷ್‌ನಿಂದ ಉಜ್ಜಿ, ಸಿಕ್ಕ ಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಕೋಶ ಒಡೆದು ಎರಡಾಗುವಾಗ ವರ್ಣತಂತು ತುಂಡಾಗಿದ್ದರೆ, ಆ ಚೂರು ಕೋಶಕೇಂದ್ರದ ಪಕ್ಕದಲ್ಲಿ ಪುಟ್ಟ ಚುಕ್ಕೆಯಾಗಿ ಉಳಿದಿರುತ್ತದೆ. ಆ ಚುಕ್ಕೆಗಳನ್ನು ಎಣಿಸುತ್ತಾರೆ. ಚುಕ್ಕೆ ಕಂಡ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ, ಎಚ್ಚರಿಕೆ ಎಂದರ್ಥ. ಎಲೆಯಡಿಕೆ, ಹೊಗೆಸೊಪ್ಪಿನಿಂದಲೂ ಚುಕ್ಕೆ ಹೆಚ್ಚುವುದರಿಂದ ಆ ಅಭ್ಯಾಸವನ್ನೂ ಬರೆದುಕೊಳ್ಳಬೇಕು. ಅದೇ ಲೈನಿನಲ್ಲಿದ್ದು ಔಷಧಿ ಹೊಡೆಯದವರನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು.

ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಈ ಎರಡನ್ನೂ ಒಂದೇ ಮೇಜಿಗೆ ಕರೆಯಬಲ್ಲವರು ತಾವು. ಈ ಮಳೆ ಬಿಟ್ಟು ಸ್ಪ್ರೇಯರ್ ಬೆನ್ನಿಗೇರುವ ಮುನ್ನ ಒಮ್ಮೆ, ಹೊಡೆದು ಮುಗಿದ ಕೆಲವು ವಾರಕ್ಕೆ ಇನ್ನೊಮ್ಮೆ, ತೋಟದ ಕಾರ್ಮಿಕರ ಈ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಮೊದಲು ಅವರಿಗೇ ಅವರ ಭಾಷೆಯಲ್ಲಿ ತಿಳಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಇತಿ,
ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ