ಅದು ರೂಢಿಯಲ್ಲ, ಕಿವುಡು

‘ಎರಡ ದಿನಾ ತ್ರಾಸ ಆಗತೈತ್ರಿ, ಆಮ್ಯಾಲೆ ರೂಢಿ ಆಗತೈತಿ.’

ಹತ್ತಿ ಜಿನ್ನಿಂಗ್ ಮಿಲ್ಲಿನ ಸಪ್ಪಳದ ಬಗ್ಗೆ ಕೇಳಿದರೆ ನಮಗೆ ಸಿಗುವ ಉತ್ತರ ಇದೊಂದೇ. ಮಾಲೀಕರೂ ಇದನ್ನೇ ಹೇಳುತ್ತಾರೆ, ಕೆಲಸಕ್ಕೆ ಬಂದ ಅಕ್ಕಂದಿರೂ ಇದನ್ನೇ ಹೇಳುತ್ತಾರೆ. ನಾವು ತಲೆಯಾಡಿಸಿ ಬಂದಿದ್ದೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ ಪ್ರತಿ ಸುಗ್ಗಿಯಲ್ಲೂ ಹತ್ತಿ ದರ ಬರೆದೆವು, ತೂಕದ ಮೋಸ ಬರೆದೆವು. ಅದೇ ಹತ್ತಿಯನ್ನು ಕಾಳು ಬಿಡಿಸಿ ಅರಳೆ ಮಾಡುವವರ ಕಿವಿಯ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಕಿವಿಗೆ ರೂಢಿ ಎಂಬುದಿಲ್ಲ. ಒಳಗಿವಿಯಲ್ಲಿ ಶಬ್ದ ಹಿಡಿಯುವ ಕೂದಲಿನಂಥ ಸೂಕ್ಷ್ಮ ಕೋಶಗಳಿವೆ. ವರ್ಷಗಟ್ಟಲೆ ಗದ್ದಲ ಬಿದ್ದರೆ ಅವು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀಚಲು ಸ್ವರ. ಸ, ಶ, ಚ ಅಕ್ಷರಗಳು ಮಸುಕಾಗುತ್ತವೆ, ಮಾತು ಕೇಳುತ್ತದೆ ಆದರೆ ಏನೆಂದು ತಿಳಿಯುವುದಿಲ್ಲ. ಮನೆಯಲ್ಲಿ ‘ಏನಂದಿ?’ ಎಂದು ಎರಡೆರಡು ಸಲ ಕೇಳುತ್ತಾರೆ, ಟಿವಿ ಜೋರು ಮಾಡುತ್ತಾರೆ. ವಯಸ್ಸಾಯಿತು ಅಂತ ಮನೆಯವರು ಸುಮ್ಮನಾಗುತ್ತಾರೆ. ರೂಢಿ ಎಂದು ನಾವು ಕರೆಯುವುದು ಬಹಳ ಸಲ ಈ ಕಿವುಡಿನ ಮೊದಲ ಮೆಟ್ಟಿಲು.

ಮಿಲ್ಲಿನಲ್ಲಿ ಎಲ್ಲ ಯಂತ್ರಗಳೂ ಸದ್ದು ಮಾಡುತ್ತವೆ. ಆದರೆ ಗೋಡೆ ದಾಟಿ ಓಣಿಗೆ ಬರುವ ಆ ಒಂದೇ ಸಮನೆಯ ಊಳು ಬಹುಪಾಲು ಸಕ್ಷನ್ ಫ್ಯಾನಿನದು. ರಾಶಿಯ ಹತ್ತಿಯನ್ನು ಪೈಪಿನಲ್ಲಿ ಎಳೆದು ಜಿನ್ನಿಗೆ ಒಯ್ಯುವುದು, ಧೂಳು ಹೊರಗೆ ಹಾಕುವುದು ಇದರ ಕೆಲಸ. ಇದು ಬೇಡ ಎಂದು ನಾವು ಹೇಳುತ್ತಿಲ್ಲ. 2000ದಲ್ಲಿ ಶುರುವಾದ ಕೇಂದ್ರದ ಹತ್ತಿ ತಂತ್ರಜ್ಞಾನ ಮಿಷನ್ ಅಡಿ ದೇಶದ ನೂರಾರು ಜಿನ್ನಿಂಗ್ ಮಿಲ್ಲುಗಳು ಆಧುನಿಕವಾದವು. ತಲೆಯ ಮೇಲೆ ಹತ್ತಿ ಹೊರುವ ಕೆಲಸ ಯಂತ್ರಕ್ಕೆ ಹೋದಷ್ಟೂ ಹೆಣ್ಣುಮಕ್ಕಳ ಕುತ್ತಿಗೆ ಹಗುರಾಗಿದೆ. ಹತ್ತಿಯ ಧೂಳು ಎದೆಗೆ ಕೆಟ್ಟದ್ದು, ಅದನ್ನು ಎಳೆದು ಹಾಕಲೇಬೇಕು. ನಮ್ಮ ತಕರಾರು ಇಷ್ಟೇ: ಅದು ಇಷ್ಟು ಕೂಗಬೇಕಾಗಿಲ್ಲ.

‘ಖರ್ಚು ಯಾರು ಕೊಡ್ತಾರ್ರಿ? ನಾಕು ತಿಂಗಳ ಸೀಸನ್ನು’ ಎನ್ನುವುದು ಮಾಲೀಕರ ಮಾತು. ಸರಿ, ಲೆಕ್ಕವನ್ನೇ ಹಾಕೋಣ. ಫ್ಯಾನಿನ ವೇಗವನ್ನು ಐದರಲ್ಲಿ ಒಂದು ಪಾಲು ಇಳಿಸಿದರೆ ಸಪ್ಪಳ ಸುಮಾರು 5 ಡೆಸಿಬೆಲ್ ತಗ್ಗುತ್ತದೆ, ಅಂದರೆ ಶಬ್ದದ ಶಕ್ತಿ ಮೂರರಲ್ಲಿ ಒಂದು ಪಾಲಿಗೆ ಬರುತ್ತದೆ. ಅದೇ ಹೊತ್ತಿಗೆ ಫ್ಯಾನು ತಿನ್ನುವ ಕರೆಂಟು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಗಾಳಿ ಕಡಿಮೆಯಾಗುವುದು ಐದರಲ್ಲಿ ಒಂದು ಪಾಲು ಮಾತ್ರ. ಬೆಲ್ಟಿನ ಮೇಲೆ ಓಡುವ ಫ್ಯಾನಿಗೆ ಇದು ಪುಲ್ಲಿ ಬದಲಿಸುವ ಕೆಲಸ.

ಹಾಗೆಂದು ನಾಳೆಯೇ ಪುಲ್ಲಿ ಬದಲಿಸಿದರೆ ಹತ್ತಿ ಪೈಪಿನಲ್ಲೇ ಕಟ್ಟಿಕೊಳ್ಳಬಹುದು. ಮೊದಲು ಸೋರಿಕೆ ನೋಡಬೇಕು. ಜೋಡಣೆ ಬಿಟ್ಟ ಪೈಪು, ಹರಿದ ಪಟ್ಟಿ, ಧೂಳು ತುಂಬಿದ ಸೈಕ್ಲೋನು, ಬೇಡದ ಕಡೆ ತಿರುವು: ಇವೆಲ್ಲ ಗಾಳಿ ಕದಿಯುತ್ತವೆ. ಆ ಕಳ್ಳತನ ಮುಚ್ಚಲು ಫ್ಯಾನನ್ನು ಜೋರಾಗಿ ಓಡಿಸಿದರೆ ಅದು ಕೂಗದೆ ಏನು ಮಾಡುತ್ತದೆ? ರೆಕ್ಕೆಗೆ ಅರಳೆ, ಮಣ್ಣು ಅಂಟಿ ತೂಕ ತಪ್ಪಿದರೂ, ಬೇರಿಂಗ್ ಸವೆದರೂ ನಡುಕ ಬರುತ್ತದೆ. ಸೀಸನ್ನಿಗೆ ಮುಂಚೆ ಇವನ್ನು ಸರಿಮಾಡಿ. ಫ್ಯಾನಿಗೂ ಪೈಪಿಗೂ ನಡುವೆ ರಬ್ಬರ್ ಅಥವಾ ಕ್ಯಾನ್ವಾಸ್ ಜೋಡಣೆ ಹಾಕಿ. ಕೆಲಸದ ಹಾಲಿನಿಂದ ಫ್ಯಾನನ್ನು ಹೊರಗೆ ಇಟ್ಟಿಗೆ ಕೋಣೆಗೆ ಸಾಗಿಸಿ. ಗಾಳಿ ಬಿಡುವ ಬಾಯಿಗೆ ಸೈಲೆನ್ಸರ್ ಕೂಡಿಸಿ, ಅದನ್ನು ಮನೆಗಳ ಕಡೆಯಿಂದ ತಿರುಗಿಸಿ. ಅರಳೆ ಹಾರಾಡುವ ಜಾಗವಾದ್ದರಿಂದ ಒಳಗೆ ಹಚ್ಚುವ ಯಾವ ಹೊದಿಕೆಯೂ ಬೆಂಕಿ ಹಿಡಿಯದಂಥದ್ದಿರಲಿ.

‘ಕಿವಿಗೆ ಹತ್ತಿ ಇಟ್ಕೊಳ್ರಿ’ ಎನ್ನುವುದು ಇನ್ನೊಂದು ಉಪದೇಶ. ಹತ್ತಿ ರಾಶಿಯ ಮುಂದೆ ನಿಂತವರಿಗೆ ಇದು ಕ್ರೂರ ತಮಾಷೆ, ಯಾಕೆಂದರೆ ಒಣ ಹತ್ತಿ ಸಪ್ಪಳವನ್ನು ತಡೆಯುವುದು ತೀರಾ ಕಡಿಮೆ. ಸರಿಯಾದ ಇಯರ್‌ಪ್ಲಗ್ ಕೊಡಲೇಬೇಕು. ಆದರೆ ಅದು ಫ್ಯಾನು ಸರಿಮಾಡುವವರೆಗಿನ ಮಾತು.

ಕಾನೂನು ಇಲ್ಲವೇ? ಇದೆ. ಕಾರ್ಖಾನೆ ನಿಯಮಗಳ ಮಿತಿ 8 ಗಂಟೆಗೆ 90 ಡೆಸಿಬೆಲ್. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45. 1948ರ ಕಾರ್ಖಾನೆ ಕಾಯ್ದೆ ಗದ್ದಲದಿಂದ ಬಂದ ಕಿವುಡನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿಟ್ಟಿತು, 2020ರ ಸಂಹಿತೆಯ ಪಟ್ಟಿಯಲ್ಲೂ ಅದಿದೆ. ಆದರೆ ಅದೇ ಸಂಹಿತೆ, ಕರೆಂಟು ಬಳಸುವ ಜಾಗ ಫ್ಯಾಕ್ಟರಿ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆಯನ್ನು 10ರಿಂದ 20ಕ್ಕೆ ಏರಿಸಿತು. ಹದಿನೈದು ಮಂದಿ ದುಡಿಯುವ ಸಣ್ಣ ಮಿಲ್ಲಿನವರ ಕಿವಿ ಕಿವಿಯಲ್ಲವೇ?

‘ಯಾರೂ ದೂರು ಕೊಟ್ಟಿಲ್ಲ’ ಎನ್ನುವ ಅಧಿಕಾರಿಗಳಿಗೆ ಒಂದು ಮಾತು. ದಿನಗೂಲಿಯವರು ಇವತ್ತು ದೂರು ಕೊಟ್ಟರೆ ನಾಳೆ ಕೂಲಿ ಇರುವುದಿಲ್ಲ. ದೂರಿಗೆ ಕಾಯಬೇಡಿ, ಮೀಟರ್ ಹಿಡಿದು ಬನ್ನಿ. ಕಾರ್ಖಾನೆಗಳ ಇಲಾಖೆ ಸೀಸನ್ ನಡೆದಾಗಲೇ ಒಳಗೆ ಅಳೆಯಲಿ, ಮಾಲಿನ್ಯ ನಿಯಂತ್ರಣ ಮಂಡಳಿ ರಾತ್ರಿ ಪಾಳಿಯಲ್ಲಿ ಓಣಿಯಲ್ಲಿ ಅಳೆಯಲಿ. ಅಂಕಿಯನ್ನು ಗೇಟಿನ ಮೇಲೆ ಕನ್ನಡದಲ್ಲಿ ಬರೆಯಲಿ. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಲೀಕರ ಖರ್ಚಿನಲ್ಲಿ ನಡೆಯಲಿ, ಆ ದಿನದ ಕೂಲಿ ಕಡಿಯದಿರಲಿ.

ಮೀಟರ್ ಬರುವವರೆಗೆ ಓದುಗರು ಒಂದು ಪರೀಕ್ಷೆ ಮಾಡಬಹುದು. ಮಿಲ್ಲಿನಲ್ಲಿ ಒಂದು ಮಾರು ದೂರ ನಿಂತವರ ಜೊತೆ ಮಾತಾಡಲು ಕೂಗಬೇಕಾದರೆ, ಅಲ್ಲಿನ ಗದ್ದಲ ಕಿವಿ ಕೆಡಿಸುವಷ್ಟಿದೆ ಎಂದೇ ತಿಳಿಯಿರಿ. ಅಂಥ ಮಿಲ್ಲು ನಿಮ್ಮೂರಲ್ಲಿದ್ದರೆ ನಮಗೆ ತಿಳಿಸಿ. ಮುಂದಿನ ಸುಗ್ಗಿಗೆ ಹತ್ತಿ ದರದ ಪಕ್ಕದಲ್ಲಿ ಡೆಸಿಬೆಲ್ ಅಂಕಿಯನ್ನೂ ಬರೆಯುತ್ತೇವೆ.