ಜೀವಂತ ಮೀನೆಲ್ಲ ಹೊಳೆಯದಲ್ಲ

ಬುಟ್ಟಿಯಲ್ಲಿ ಒದ್ದಾಡುವ ಮೀನು ಈಗಷ್ಟೇ ಹೊಳೆಯಿಂದ ಬಂದದ್ದೆಂದು ನಂಬಿ ಕೊಳ್ಳುವವರು ಗದಗ-ಬೆಟಗೇರಿಯಲ್ಲೂ ಇದ್ದಾರೆ. ಇಲ್ಲಿ ಹೊಳೆಯೆಂದರೆ ತುಂಗಭದ್ರೆ. ಶಿರಹಟ್ಟಿ ತಾಲ್ಲೂಕಿನ ಹೊಳೆ ಇಟಗಿ, ಮುಂಡರಗಿ ತಾಲ್ಲೂಕಿನ ಹಮ್ಮಿಗಿ, ಕೊರ್ಲಹಳ್ಳಿಗಳ ಮಗ್ಗುಲಲ್ಲಿ ಹರಿಯುವ ನದಿ. ಹರಿಗೋಲಿನಿಂದ ಇಳಿದ ಮೀನು ಗದಗ ಸೇರಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ನೀರಿಲ್ಲದೆ ಬದುಕುವ ಮೀನು ಎಷ್ಟಿವೆ?

ಹೆಚ್ಚಿಲ್ಲ. ನೀರಿನಿಂದ ಹೊರಬಿದ್ದ ಮೀನಿನ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗಾಳಿ ಸುತ್ತಲೂ ಇದ್ದರೂ ಉಸಿರು ಕಟ್ಟುತ್ತದೆ. ರೋಹು, ಕಾಟ್ಲಾಗಳ ಪಾಡು ಇದು. ಮೀಸೆಯಿದ್ದರೂ ಬಾಳೆ ಮೀನಿನದೂ ಇದೇ ಪಾಡು. ಮುರುಗೋಡಿನ ಸಂಗತಿ ಬೇರೆ. ಅದರ ಕಿವಿರಿನ ಮೇಲ್ಭಾಗದ ಗೂಡಿನಲ್ಲಿ ಪುಟ್ಟ ಗಿಡದಂತೆ ಕವಲೊಡೆದ ಕೆಂಪು ಅಂಗವೊಂದಿದೆ. ಬಾಯಿಂದ ಎಳೆದುಕೊಂಡ ಗಾಳಿಯ ಆಮ್ಲಜನಕವನ್ನು ಅದು ನೇರವಾಗಿ ರಕ್ತಕ್ಕೆ ದಾಟಿಸುತ್ತದೆ. ಚೇಳು ಮೀನಿಗೆ ಇದೇ ಕೆಲಸಕ್ಕೆ ಬೆನ್ನಿನುದ್ದಕ್ಕೂ ಎರಡು ಗಾಳಿಚೀಲಗಳಿವೆ. (ಅದರ ಮುಳ್ಳು ಚುಚ್ಚಿದರೆ ಕೈಯನ್ನು ತಾಳುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಬೇಕು. ವಿಷ ಪ್ರೋಟೀನಿನದು, ಬಿಸಿಗೆ ಕೆಡುತ್ತದೆ. ನೋವು ಇಳಿಯದಿದ್ದರೆ ವೈದ್ಯರ ಬಳಿಗೆ ಹೋಗುವುದು ಒಳ್ಳೆಯದು.)

ಹೀಗಾಗಿ ಒದ್ದಾಟ ಹೇಳುವುದು ಮೀನಿನ ಜಾತಿಯನ್ನು, ಊರನ್ನಲ್ಲ. ಒದ್ದಾಡುವುದು ಕೊಳದಲ್ಲಿ ಸಾಕಿದ ಆಫ್ರಿಕಾದ ಕ್ಯಾಟ್‌ಫಿಶ್ ಕೂಡ ಆಗಿರಬಹುದು. ಅದು ಮುರುಗೋಡಿನ ದಾಯಾದಿ. ಉಸಿರಾಟದ ಏರ್ಪಾಡೂ ಅದೇ. ಬೇಗ ಬೆಳೆಯುತ್ತದೆ, ಕಸಾಯಿಖಾನೆಯ ತ್ಯಾಜ್ಯ ಹಾಕಿದರೂ ತಿನ್ನುತ್ತದೆ. ನೆರೆ ಬಂದು ಹಳ್ಳ ಸೇರಿತೆಂದರೆ ಅಲ್ಲಿನ ಮೀನುಮರಿಗಳನ್ನು ಬಿಡುವುದಿಲ್ಲ. ಕೇಂದ್ರ ಸರ್ಕಾರ 2000ದಲ್ಲಿ ಇದರ ಸಾಕಣೆಯನ್ನು ನಿಷೇಧಿಸಿತು. ಆದರೂ ಕದ್ದು ಸಾಕುವವರು ಇದ್ದೇ ಇದ್ದಾರೆ. ನಾಡ ಮುರುಗೋಡು ಒಂದೂವರೆ ಅಡಿ ದಾಟುವುದು ಅಪರೂಪ, ಆಫ್ರಿಕಾದ್ದು ಆಳುದ್ದ ಬೆಳೆಯಬಲ್ಲದು. ಮೊಣಕಾಲೆತ್ತರದ 'ಮುರುಗೋಡು' ಕಂಡರೆ ಅನುಮಾನಿಸುವುದೇ ಸರಿ.

ಇದರಲ್ಲಿ ಸೋಲುವವನು ಹೊಳೆಯ ಮೀನುಗಾರ. ರಾತ್ರಿಯಿಡೀ ಬಲೆ ಕಾದು ತಂದ ಅವನ ಬಾಳೆ ಮೀನು ದಾರಿಯಲ್ಲೇ ಸತ್ತಿರುತ್ತದೆ. ಗಿರಾಕಿ ಮುಖ ತಿರುಗಿಸಿ ಒದ್ದಾಡುವ ಬುಟ್ಟಿಯತ್ತ ನಡೆಯುತ್ತಾನೆ. ಗುರುತು ಕಷ್ಟವೇನಲ್ಲ. ಬಾಳೆ ಮೀನಿನದು ಚಪ್ಪಟೆ ಮೈ, ಕಣ್ಣಿಗಿಂತ ಹಿಂದಕ್ಕೂ ಸೀಳಿದ ಬಾಯಿ, ಬೆನ್ನ ಮೇಲೆ ಒಂದೇ ಚಿಕ್ಕ ರೆಕ್ಕೆ. ಮುರುಗೋಡಿಗೆ ಬೆನ್ನ ರೆಕ್ಕೆ ಬಾಲದವರೆಗೂ ಉದ್ದ, ಮೀಸೆ ಎಂಟು. ಸತ್ತ ಮೀನಾದರೂ ಕಣ್ಣು ಉಬ್ಬಿ ತಿಳಿಯಾಗಿದ್ದು, ಕಿವಿರು ಕೆಂಪಾಗಿದ್ದು, ಬೆರಳೊತ್ತಿದ ಗುಳಿ ಕೂಡಲೇ ತುಂಬಿಕೊಂಡರೆ ತಾಜಾ ಎಂದೇ ಲೆಕ್ಕ.

ಬಾಳೆ ಮೀನು ಈಗ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯದಂಚಿನ ಜೀವಿ. ಮಳೆಗಾಲದ ಹೊಸ ನೀರಿಗೆ ಮೊಟ್ಟೆ ತುಂಬಿಕೊಂಡು ಮೇಲಕ್ಕೆ ಹೊರಡುವ ಮೀನನ್ನೇ ಅಡ್ಡಗಟ್ಟಿ ಹಿಡಿದರೆ ಮುಂದಿನ ವರ್ಷ ಬಲೆಗೆ ಬೀಳುವುದೇನು? ಆ ಒಂದೆರಡು ತಿಂಗಳು ಅದನ್ನು ಕೊಳ್ಳದಿರುವುದು ತಿನ್ನುವವರ ಕೈಯಲ್ಲೇ ಇದೆ. ಉಳಿದ ದಿನಗಳಲ್ಲಿ ತಂದ ಮೀನಿಗೆ ಉಪ್ಪು, ಬೂದಿ ಹಚ್ಚಿ ಲೋಳೆ ತೆಗೆದು, ಹುಣಸೆಹುಳಿ, ಬೆಳ್ಳುಳ್ಳಿ ಹಾಕಿ ಸಾರು ಮಾಡಿದರೆ ಜೋಳದ ರೊಟ್ಟಿಗೆ ಬೇರೇನೂ ಬೇಡ.