ವೈಮಾನಿಕರ ನಿದ್ದೆಯ ಲೆಕ್ಕ

2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಂಸ್ಥೆಯ ವಿಮಾನಗಳು ಸಾಲುಸಾಲಾಗಿ ರದ್ದಾದುವು. 5ನೆಯ ತಾರೀಖು ಒಂದೇ ದಿನ ದೇಶದಲ್ಲಿ ಸಾವಿರಕ್ಕೂ ಮಿಕ್ಕಿ ವಿಮಾನಗಳು ಹಾರಲಿಲ್ಲ. ಬೆಂಗಳೂರಿನ ನಿಲ್ದಾಣದಲ್ಲಿಯೂ ಜನರು ದಿಕ್ಕುತೋಚದೆ ಕುಳಿತರು. ಆ ದಿನಗಳಲ್ಲಿ ನಮ್ಮ ಕ್ಯಾಂಟೀನಿನ ಮೇಜಿನ ಸುತ್ತ ಬಿಸಿಬಿಸಿ ಚರ್ಚೆ ನಡೆಯಿತು. ನಮ್ಮಲ್ಲಿ ಒಬ್ಬರೂ ವಿಮಾನ ಹತ್ತಿದವರಲ್ಲವೆಂಬುದು ಚರ್ಚೆಗೆ ಅಡ್ಡಿಯಾಗಲಿಲ್ಲ. "ಲಕ್ಷಗಟ್ಟಲೆ ಸಂಬಳ ಎಣಿಸುವವರಿಗೆ ಇನ್ನಷ್ಟು ನಿದ್ದೆ ಬೇಕಂತೆ! ಅದಕ್ಕಾಗಿ ಪ್ರಯಾಣಿಕರು ನೆಲದ ಮೇಲೆ ಮಲಗಬೇಕೆ?" ಎಂದು ಮಿತ್ರನೊಬ್ಬನು ಗುಡುಗಿದನು. ಎಲ್ಲರೂ ತಲೆದೂಗಿದರು. ನಾನು ತಲೆದೂಗಲಿಲ್ಲ, ಆದರೆ ಆಗ ಉತ್ತರವೂ ಹೊಳೆಯಲಿಲ್ಲ. ಈಗ ಬರೆಯುತ್ತಿರುವುದು ಆ ಉತ್ತರವೇ.

ಆದದ್ದು ಇಷ್ಟು. ವೈಮಾನಿಕರ ದಣಿವನ್ನು ಕುರಿತು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿಯೇ ಹೊಸ ನಿಯಮಗಳನ್ನು ಹೊರಡಿಸಿತ್ತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಬೇಕು. ರಾತ್ರಿಯ ಪಾಳಿಯಲ್ಲಿ ಆರು ಸಲ ವಿಮಾನ ಇಳಿಸಬಹುದಾಗಿದ್ದವನು ಇನ್ನು ಎರಡು ಸಲ ಮಾತ್ರ ಇಳಿಸಬೇಕು. ಸಂಸ್ಥೆಗಳು ಕಷ್ಟವೆಂದವು, ವೈಮಾನಿಕರ ಸಂಘಗಳು ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದವು, ಕಡೆಗೆ 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಕಂತುಗಳಾಗಿ ನಿಯಮಗಳು ಜಾರಿಗೆ ಬಂದವು. ಎರಡು ವರ್ಷದ ಹತ್ತಿರ ಕಾಲಾವಕಾಶವಿದ್ದ ಪರೀಕ್ಷೆಗೆ ಹಿಂದಿನ ರಾತ್ರಿಯೂ ಪುಸ್ತಕ ತೆರೆಯದ ವಿದ್ಯಾರ್ಥಿಯಂತೆ (ಈ ವರ್ಗದವರನ್ನು ನಾನು ಚೆನ್ನಾಗಿ ಬಲ್ಲೆ) ಸಂಸ್ಥೆಯು ಬೇಕಾದಷ್ಟು ವೈಮಾನಿಕರನ್ನು ಸಿದ್ಧಮಾಡಿಕೊಂಡಿರಲಿಲ್ಲ. ಆಮೇಲೆ ನಿರ್ದೇಶನಾಲಯವು ರಾತ್ರಿಯ ನಿಯಮಗಳಿಂದ ಆ ಸಂಸ್ಥೆಗೆ 2026ರ ಫೆಬ್ರುವರಿ 10ರ ತನಕ ವಿನಾಯಿತಿ ಕೊಟ್ಟಿತು. ರಜೆಯನ್ನು ವಾರದ ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸಕೂಡದೆಂಬ ಕಟ್ಟನ್ನೂ ಹಿಂತೆಗೆದುಕೊಂಡಿತು. ತಪ್ಪು ಸಂಸ್ಥೆಯದು, ದಂಡ ತೆತ್ತದ್ದು ನಿದ್ದೆ.

ನಿದ್ದೆಗೆ ಬೆಲೆ ಕಟ್ಟದಿದ್ದರೆ ಏನಾಗುತ್ತದೆಂಬುದನ್ನು ತಿಳಿಯಬೇಕಾದರೆ ಅಮೆರಿಕಕ್ಕೆ ಹೋಗಬೇಕು. 2009ರ ಫೆಬ್ರುವರಿ 12ರ ರಾತ್ರಿ ನ್ಯೂಯಾರ್ಕಿನ ಬಳಿಯ ನ್ಯೂವರ್ಕ್ ನಿಲ್ದಾಣದಿಂದ ಹೊರಟ ಕೋಲ್ಗನ್ ಏರ್ ಸಂಸ್ಥೆಯ ಪುಟ್ಟ ವಿಮಾನವೊಂದು ಬಫಲೋ ನಗರದ ಹತ್ತಿರ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿಯೂ ಮನೆಯಲ್ಲಿದ್ದ ಒಬ್ಬರೂ ಸತ್ತರು. ವೇಗ ತಗ್ಗಿದಾಗ ಎಚ್ಚರಿಕೆಯ ಯಂತ್ರವು ಚಾಲಕದಂಡವನ್ನು ನಡುಗಿಸಿತು. ದಂಡವನ್ನು ಮುಂದಕ್ಕೆ ದೂಡಬೇಕಾಗಿದ್ದ ಕ್ಯಾಪ್ಟನ್ ಹಿಂದಕ್ಕೆ ಎಳೆದನು. ಅಪಘಾತಕ್ಕೆ ಕಾರಣ ಇದೇ ಎಂದು ತನಿಖಾ ಮಂಡಲಿಯು ತೀರ್ಮಾನಿಸಿತು.

ಆದರೆ ಆ ಇಬ್ಬರು ಹಿಂದಿನ ರಾತ್ರಿ ಎಲ್ಲಿ ಮಲಗಿದ್ದರು? ಸಹವೈಮಾನಿಕೆಗೆ 24 ವರ್ಷ, ನಮ್ಮ ಅಕ್ಕಂದಿರ ವಯಸ್ಸು. ಆಕೆಯ ಮನೆ ಸಿಯಾಟಲ್ ಹತ್ತಿರ, ಕೆಲಸ ನ್ಯೂವರ್ಕಿನಲ್ಲಿ. ನಡುವೆ ಸುಮಾರು 3,800 ಕಿಲೋಮೀಟರು. ಹಿಂದಿನ ಸಂಜೆ ಹೊರಟು, ಸರಕಿನ ವಿಮಾನದಲ್ಲಿ ಮೆಂಫಿಸ್ಸಿಗೆ, ಅಲ್ಲಿಂದ ಇನ್ನೊಂದು ಸರಕಿನ ವಿಮಾನದಲ್ಲಿ ನ್ಯೂವರ್ಕಿಗೆ, ಬೆಳಗ್ಗೆ ಆರೂವರೆಯ ಸುಮಾರಿಗೆ ಬಂದು ಇಳಿದಳು. ನಿದ್ದೆ ಎಂದರೆ ಆ ವಿಮಾನಗಳಲ್ಲಿಯೂ ಸಿಬ್ಬಂದಿಯ ಕೊಠಡಿಯಲ್ಲಿಯೂ ದಕ್ಕಿದಷ್ಟು. ಫ್ಲೋರಿಡಾದಿಂದ ಬಂದು ಹೋಗುತ್ತಿದ್ದ ಕ್ಯಾಪ್ಟನ್ ಹಿಂದಿನ ರಾತ್ರಿಯನ್ನು ಅದೇ ಕೊಠಡಿಯಲ್ಲಿ ಕಳೆದಿದ್ದನು. ಅಲ್ಲಿ ರಾತ್ರಿ ಮಲಗಕೂಡದೆಂದು ಸಂಸ್ಥೆಯ ಕಟ್ಟಳೆ ಇತ್ತು. ಆಕೆಗೆ ನೆಗಡಿ ಬೇರೆ. ಮನೆಯಲ್ಲಿದ್ದಾಗಲೇ ಹೀಗಾಗಿದ್ದರೆ ಬರುತ್ತಲೇ ಇರಲಿಲ್ಲವೆಂದೂ, ಈಗ ಕಾಯಿಲೆಯೆಂದು ಹೇಳಿದರೆ ಹೋಟೆಲಿನ ಬಾಡಿಗೆ ತಾನೇ ಕೊಡಬೇಕಾಗುತ್ತದೆಂದೂ ಆಕೆ ಹೇಳಿದ ಮಾತು ಧ್ವನಿಮುದ್ರಿಕೆಯಲ್ಲಿ ಉಳಿದಿದೆ. ಆಕೆಯ ವರಮಾನ ವರ್ಷಕ್ಕೆ 16,000 ಡಾಲರಿನ ಸುಮಾರು ಎಂದು ವಿಚಾರಣೆಯಲ್ಲಿ ಹೊರಬಿತ್ತು. ಸಂಸ್ಥೆಯವರು ಆಮೇಲೆ 23,900 ಎಂದು ತಿದ್ದಿದರು. ಯಾವುದನ್ನು ಹಿಡಿದರೂ ನ್ಯೂಯಾರ್ಕಿನ ಪಕ್ಕದಲ್ಲಿ ಮನೆ ಮಾಡಿ ಬದುಕುವ ಸಂಬಳವಲ್ಲ.

"ದೂರದಲ್ಲಿ ಮನೆ ಮಾಡಿದ್ದು ಅವರವರ ಇಚ್ಛೆ" ಎಂಬ ವಾದ ಆಗಲೇ ಎದ್ದಿತು. ಇಚ್ಛೆಯೆ? ಆ ಸಂಸ್ಥೆಯ ನ್ಯೂವರ್ಕ್ ನೆಲೆಯಲ್ಲಿದ್ದ 137 ವೈಮಾನಿಕರಲ್ಲಿ 93 ಮಂದಿ ದೂರದಿಂದ ಬಂದು ಹೋಗುವವರೆಂದೂ, ಅವರಲ್ಲಿ 29 ಮಂದಿಯ ಮನೆ ಸಾವಿರ ಮೈಲಿಗೂ ಆಚೆಯೆಂದೂ ತನಿಖೆಯೇ ಎಣಿಸಿ ಹೇಳಿದೆ. ಮೂವರಲ್ಲಿ ಇಬ್ಬರು ಒಂದೇ ತಪ್ಪು ಮಾಡುತ್ತಿದ್ದರೆ ಅದನ್ನು ಅವರ ಸ್ವಭಾವವೆನ್ನುವ ಮೊದಲು ಸಂಬಳದ ಪಟ್ಟಿಯನ್ನು ನೋಡಬೇಕೆಂದು ನನ್ನ ಅಭಿಪ್ರಾಯ. ಅಷ್ಟೇ ಅಲ್ಲ, ಅಲ್ಲಿನ ವೈಮಾನಿಕರಿಗೆ ಸಾಮಾನ್ಯವಾಗಿ ಗಂಟೆಯ ಲೆಕ್ಕ ಶುರುವಾಗುತ್ತಿದ್ದುದು ವಿಮಾನದ ಬಾಗಿಲು ಮುಚ್ಚಿ ಚಕ್ರ ಉರುಳಿದ ಮೇಲೆ. ನಿಲ್ದಾಣದಲ್ಲಿ ಕಾದ ಹೊತ್ತು ಯಾರ ಖಾತೆಗೂ ಸೇರುತ್ತಿರಲಿಲ್ಲ.

ಸತ್ತವರ ಬಂಧುಗಳು ಬಿಡದೆ ಹೋರಾಡಿದ್ದರಿಂದ 2010ರಲ್ಲಿ ಶಾಸನವಾಯಿತು. 2014ರ ಜನವರಿಯಿಂದ ಪ್ರಯಾಣಿಕ ವಿಮಾನಗಳ ವೈಮಾನಿಕರಿಗೆ ಪಾಳಿಗೆ ಮುನ್ನ ಹತ್ತು ಗಂಟೆಯ ವಿಶ್ರಾಂತಿ, ಅದರಲ್ಲಿ ಎಂಟು ಗಂಟೆ ನಿದ್ದೆಗೆ ಅವಕಾಶ ಕಡ್ಡಾಯವಾಯಿತು. ಸರಕಿನ ವಿಮಾನಗಳನ್ನು ಮಾತ್ರ ಬಿಟ್ಟರು. ಸರಕಿನ ವಿಮಾನವೂ ಊರುಗಳ ಮೇಲೆಯೇ ಹಾರುತ್ತದೆಂಬುದು ಅವರಿಗೆ ಹೊಳೆಯಲಿಲ್ಲವೋ ಏನೋ. ಮನೆಯಿಂದ ಕೆಲಸದ ನೆಲೆಗೆ ಬರುವ ಪ್ರಯಾಣಕ್ಕೆ ಮಿತಿ ಹಾಕಲು ಸಾಕಷ್ಟು ಆಧಾರವಿಲ್ಲವೆಂದು 2011ರಲ್ಲಿ ವಿದ್ವಾಂಸರ ಸಮಿತಿಯೊಂದು ವರದಿ ಕೊಟ್ಟಿತು. 2022ರ ಹೊತ್ತಿಗೆ ಅಲ್ಲಿ ವೈಮಾನಿಕರ ಅಭಾವ ಉಂಟಾಗಿ ಸಣ್ಣ ಸಂಸ್ಥೆಗಳ ಸಂಬಳವೂ ಬಹಳ ಏರಿತು. ಶಾಸನ ಮಾಡದ ಕೆಲಸವನ್ನು ಅಭಾವ ಮಾಡಿತು.

ಸಂಬಳವೊಂದೇ ಸಾಲದು ಎಂಬುದಕ್ಕೆ ನಮ್ಮ ಮಂಗಳೂರೇ ಸಾಕ್ಷಿ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನವು ಬಜಪೆಯ ಗುಡ್ಡದಿಂದ ಕೆಳಕ್ಕೆ ಉರುಳಿ 158 ಜನ ಮಡಿದರು. ದಾರಿಯಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ರಿಸಿದ್ದನು. ಗೊರಕೆಯ ಸದ್ದು ಮುದ್ರಿಕೆಯಲ್ಲಿದೆ. ಮೇಲಕ್ಕೇರಿ ಇನ್ನೊಮ್ಮೆ ಬರೋಣವೆಂದು ಸಹವೈಮಾನಿಕನು ಮೂರು ಸಲ ಹೇಳಿದರೂ ಕೇಳಲಿಲ್ಲ. ಹಾರಾಟಕ್ಕೆ ಮುನ್ನ ಸಾಕಷ್ಟು ಬಿಡುವು ಇತ್ತೆಂದು ವಿಚಾರಣಾ ನ್ಯಾಯಾಲಯವು ಹೇಳಿತು. ನಿದ್ದೆಯಿಂದ ಎದ್ದವನ ಮಂಪರು ಆ ತಪ್ಪು ನಿರ್ಣಯಕ್ಕೆ ಎಡೆಮಾಡಿರಬಹುದೆಂದೂ ಹೇಳಿತು. ಬೆಳಗಿನ ಜಾವ ದೇಹವು ತನ್ನದೇ ಗಡಿಯಾರವನ್ನು ನಂಬುತ್ತದೆ, ವೇಳಾಪಟ್ಟಿಯನ್ನಲ್ಲ. ರಾತ್ರಿಯಲ್ಲಿ ಎರಡೇ ಸಲ ಇಳಿಸಬೇಕೆಂಬ ನಿಯಮವು ಸುಖಪುರುಷರ ಬೇಡಿಕೆಯಲ್ಲವೆಂದು ನಾನು ಹೇಳುವುದು ಇದರಿಂದ.

ಇನ್ನೊಂದು ಮಾತನ್ನು ಕ್ಯಾಂಟೀನಿನಲ್ಲಿ ಹೇಳಲು ಸಂಕೋಚವಾಯಿತು. ನನ್ನ ತಂದೆಯವರು ಲಾರಿ ನಡೆಸುವವರು. ಹುಬ್ಬಳ್ಳಿಯಿಂದ ಮುಂಬಯಿಗೆ ಈರುಳ್ಳಿ. ಸರಕು ತುಂಬುವ ತನಕ ಒಂದು ದಿನವೋ ಎರಡು ದಿನವೋ ಕಾಯುವುದಕ್ಕೆ ಕೂಲಿಯಿಲ್ಲ; ಚಕ್ರ ಉರುಳಿದರೆ ಮಾತ್ರ ಭತ್ಯೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮುಂಜಾನೆ ಕೊಲ್ಹಾಪುರದ ಆಚೆ ಕಣ್ಣು ಮುಚ್ಚಿ ಲಾರಿ ಕಬ್ಬಿನ ಗದ್ದೆಗೆ ನುಗ್ಗಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಲಾರಿಯ ಮಾಲೀಕರು ಈರುಳ್ಳಿಯ ನಷ್ಟವನ್ನು ಏಳು ತಿಂಗಳು ಮುರಿದುಕೊಂಡರು. ನಮ್ಮ ಮನೆಯಲ್ಲಿ ಆ ಘಟನೆಗೆ ಇಂದಿಗೂ "ಅಪ್ಪನ ತಪ್ಪು" ಎಂದೇ ಹೆಸರು. ಅವರೂ ಹಾಗೆಯೇ ಕರೆಯುತ್ತಾರೆ.

ಈ ಲೇಖನಕ್ಕಾಗಿ ಬಫಲೋ ಅಪಘಾತದ ಸಂಗತಿಯನ್ನು ಓದಿದ ದಿನ ಮನೆಗೆ ಹೋಗಿ, ಆ ಮುಂಜಾನೆಗೆ ಮುಂಚೆ ಎಷ್ಟು ಹೊತ್ತು ಮಲಗಿದ್ದಿರಿ ಎಂದು ಕೇಳಿದೆನು. ಅವರು ಬೆರಳು ಮಡಿಸಿ ಎಣಿಸತೊಡಗಿದರು. ಹಾವೇರಿಯ ಮಂಡಿಯಲ್ಲಿ ಒಂದು ತಾಸು, ನಿಪ್ಪಾಣಿಯ ಹತ್ತಿರ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅರ್ಧ ತಾಸು. ಅದಕ್ಕೂ ಹಿಂದಿನದು ನೆನಪಾಗಲಿಲ್ಲ.